ದಂಡ ಕಟ್ಟದೆ ವಿಮಾನ ಹತ್ತೋ ಹಾಗಿಲ್ಲ

ಒಬ್ಬ ಹುಡುಗನ ಕಥೆ ಇಟ್ಟುಕೊಳ್ಳಿ. ಹೆಸರು ಬೇಡ. ಅಜ್ಜಂಪುರ ಪೇಟೆಯವನಿರಬಹುದು, ಶಿವನಿ ಕಡೆಯವನಿರಬಹುದು, ತರೀಕೆರೆಯವನೋ ಕಡೂರಿನವನೋ ಆಗಿರಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ, ಗೂಡ್ಸ್ ಆಟೋ ಓಡಿಸಿ ಕೈ ಪಳಗಿಸಿಕೊಂಡು, ಸಾಲಸೋಲ ಮಾಡಿ ಕುವೈತಿಗೆ ಹೋಗಿ ಡ್ರೈವರ್ ಆದ. ಎರಡು ವರ್ಷ ದುಡಿದ. ತಂಗಿ ಮದುವೆ ಗೊತ್ತಾಯಿತು. ರಜೆ ಸಿಕ್ಕಿತು, ಟಿಕೆಟ್ ಆಯಿತು, ಪೆಟ್ಟಿಗೆ ಕಟ್ಟಿದ್ದೂ ಆಯಿತು. ವಿಮಾನ ನಿಲ್ದಾಣದ ಕಿಟಕಿಯಲ್ಲಿ ಕುಳಿತ ಅಧಿಕಾರಿ ಗುರುತಿನ ಚೀಟಿಯ ನಂಬರು ಒತ್ತಿ ನೋಡಿ, ಕೈ ಅಡ್ಡ ಇಟ್ಟ.

ಊರಿಗೆ ಫೋನು ಬಂತು.

“ಅಪ್ಪಾ, ದುಡ್ಡು ಕಟ್ಟದೆ ಬಿಡಲ್ಲಂತೆ.”

“ಎಂಥ ದುಡ್ಡೋ ಅದು?”

“ಗಾಡಿ ದಂಡ. ಸಿಗ್ನಲ್ ದಾಟಿದ್ದು, ಫೋನಲ್ಲಿ ಮಾತಾಡಿದ್ದು, ಎಲ್ಲಾ ಸೇರಿ ಕೂತದೆ.”

“ಅಲ್ಲಿರೋ ಸಾಹೇಬ್ರಿಗೆ ಏನಾದ್ರೂ ಹೇಳಿ ಬಂದ್ಬಿಡೋ.”

“ಇದು ಅಜ್ಜಂಪುರ ಅಲ್ಲಪ್ಪ.”

ಈ ಕಥೆ ಯಾರೊಬ್ಬರದೂ ಅಲ್ಲ. ಆದರೆ ಇದರಲ್ಲಿರುವ ಕಾನೂನು ಮಾತ್ರ ಕಥೆಯಲ್ಲ. ಮಗನನ್ನೋ ಅಳಿಯನನ್ನೋ ಅಣ್ಣನ ಮಗನನ್ನೋ ಹೊರದೇಶಕ್ಕೆ ಕಳಿಸಿ, ತಿಂಗಳು ತಿಂಗಳು ಬರುವ ದುಡ್ಡಿನ ಮೇಲೆ ಚೀಟಿ, ಸೊಸೈಟಿ ಸಾಲ, ಅಂಗಡಿ ಬಾಕಿ ಎಲ್ಲಾ ಲೆಕ್ಕ ಹಾಕಿಕೊಂಡಿರುವ ಮನೆಗಳು ಈ ಮೂರು ತಾಲ್ಲೂಕಿನಲ್ಲೂ ಇವೆ. ಆ ಮನೆಗಳವರು ವೀಸಾ ಬಗ್ಗೆ ವಿಚಾರಿಸುತ್ತಾರೆ, ಸಂಬಳದ ಬಗ್ಗೆ ವಿಚಾರಿಸುತ್ತಾರೆ, ಊಟಕ್ಕೆ ಅನ್ನ ಸಿಗುತ್ತದೋ ಖುಬ್ಬೂಸೋ ಅಂತಲೂ ವಿಚಾರಿಸುತ್ತಾರೆ. ರಸ್ತೆ ದಂಡದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದ ಕಾಲ ಬಂದಿದೆ.

ಬಾಗಿಲಿಗೆ ಬಿದ್ದ ಬೀಗ

ಕುವೈತ್ ಸರ್ಕಾರ 2023ರ ಆಗಸ್ಟ್ ತಿಂಗಳಲ್ಲಿ ಒಂದು ಆಜ್ಞೆ ಹೊರಡಿಸಿತು. ಪರದೇಶದವರು ಯಾರೇ ಆಗಲಿ, ದೇಶ ಬಿಡುವ ಮುಂಚೆ ತಮ್ಮ ಹೆಸರಿನಲ್ಲಿರುವ ಸಂಚಾರ ದಂಡವನ್ನೆಲ್ಲ ಚುಕ್ತಾ ಮಾಡಬೇಕು. ರಜೆಗೆ ಹೊರಟವನಾದರೂ ಅಷ್ಟೆ, ಕೆಲಸ ಬಿಟ್ಟು ಹೊರಟವನಾದರೂ ಅಷ್ಟೆ. ಮಾರನೆಯ ವರ್ಷ ಕತಾರ್ ಕೂಡ ಅದೇ ದಾರಿ ಹಿಡಿಯಿತು. 2024ರ ಜೂನ್ 1ರಿಂದ ಆಗಸ್ಟ್ 31ರವರೆಗೆ ದಂಡದಲ್ಲಿ ಅರ್ಧ ಮಾಫಿ ಕೊಟ್ಟು, ಸೆಪ್ಟೆಂಬರ್ 1ರಿಂದ ಬಾಕಿ ಇಟ್ಟುಕೊಂಡವರಿಗೆ ಗಡಿ ದಾಟಲು ಬಿಡುವುದಿಲ್ಲ ಎಂದು ಹೇಳಿತು. ಸೌದಿ ಅರೇಬಿಯಾದಲ್ಲಿ ರಜೆಗೆ ಊರಿಗೆ ಬಂದುಹೋಗುವ ಪರವಾನಗಿ ಸಿಗಬೇಕಾದರೆ ಮೊದಲು ದಂಡದ ಬಾಕಿ ತೀರಿರಬೇಕು.

ದಂಡದ ಮೊತ್ತವೂ ಹಳೆಯದಲ್ಲ. ಕುವೈತಿನಲ್ಲಿ 2025ರ ಏಪ್ರಿಲ್ 22ರಿಂದ ಹೊಸ ಸಂಚಾರ ಕಾನೂನು ಜಾರಿಗೆ ಬಂದಿದೆ. ಕೆಂಪು ದೀಪ ದಾಟಿದರೆ 150 ದಿನಾರ್. ಗಾಡಿ ಓಡಿಸುತ್ತಾ ಮೊಬೈಲ್ ಹಿಡಿದರೆ 75 ದಿನಾರ್. ಸೀಟ್ ಬೆಲ್ಟ್ ಹಾಕದಿದ್ದರೆ 30 ದಿನಾರ್. ಮೊದಲು ಮೊಬೈಲಿಗೆ ಬರೀ 5 ದಿನಾರ್ ಇತ್ತು. 150 ದಿನಾರ್ ಅಂದರೆ ಇಲ್ಲಿಯ ಲೆಕ್ಕದಲ್ಲಿ 40 ಸಾವಿರ ರೂಪಾಯಿಗೂ ಮಿಕ್ಕು. ಈರುಳ್ಳಿ ಬೆಲೆ ಬಿದ್ದ ವರ್ಷ ಅಜ್ಜಂಪುರದ ರೈತ 40 ಸಾವಿರ ರೂಪಾಯಿ ಕಾಣಬೇಕಾದರೆ ಎಷ್ಟು ಚೀಲ ಹೇರಬೇಕು ಅನ್ನುವುದು ಮಂಡಿಯವರಿಗೆ ಗೊತ್ತು. ಒಂದು ದೀಪ, ಅರ್ಧ ನಿಮಿಷದ ಅವಸರ, ಒಂದು ಬೆಳೆಯ ದುಡ್ಡು.

ದುಬೈ, ಅಬುಧಾಬಿ ಇರುವ ಸಂಯುಕ್ತ ಅರಬ್ ಸಂಸ್ಥಾನದ ಕ್ರಮ ಇನ್ನೊಂದು ಥರ. ಅಲ್ಲಿ ದಂಡದ ಜೊತೆಗೆ ‘ಕಪ್ಪು ಅಂಕ’ ಬೀಳುತ್ತದೆ. ಕೆಂಪು ದೀಪ ದಾಟಿದರೆ 1000 ದಿರ್ಹಾಮ್ ದಂಡ, 12 ಕಪ್ಪು ಅಂಕ, ಮೇಲೆ ಗಾಡಿ 30 ದಿವಸ ಜಪ್ತಿ. ಮೊಬೈಲ್ ಹಿಡಿದರೆ 800 ದಿರ್ಹಾಮ್, 4 ಅಂಕ. ವರ್ಷದಲ್ಲಿ 24 ಅಂಕ ತುಂಬಿದರೆ ಲೈಸೆನ್ಸ್ ಅಮಾನತು. ಡ್ರೈವರ್ ಕೆಲಸಕ್ಕೆಂದೇ ಹೋದವನಿಗೆ ಲೈಸೆನ್ಸ್ ಹೋದ ಮೇಲೆ ಉಳಿಯುವುದೇನು? ಕಮ್ಮಾರನ ಕೈಯಿಂದ ಸುತ್ತಿಗೆ ಕಿತ್ತುಕೊಂಡ ಹಾಗೆ.

ಅಮೆರಿಕ, ಸಿಂಗಪುರಕ್ಕೆ ಹೋದ ಕಂಪ್ಯೂಟರ್ ಕೆಲಸದವರೂ ಹೊರತಲ್ಲ. ಅಮೆರಿಕದಲ್ಲಿ ರಸ್ತೆ ತಪ್ಪಿಗೆ ಕೊಡುವ ಚೀಟಿಯಲ್ಲಿ ಕೋರ್ಟಿನ ಗಡುವು ಬರೆದಿರುತ್ತದೆ. ದಂಡ ಕಟ್ಟದೆ, ಕೋರ್ಟಿಗೂ ಹೋಗದೆ ಕೂತರೆ ಲೈಸೆನ್ಸ್ ಹೋಗಬಹುದು, ವಾರಂಟ್ ಕೂಡ ಹೊರಡಬಹುದು. ಸಿಂಗಪುರದಲ್ಲಿ ಪೊಲೀಸರ ಕೈಗೆ ನೋಟು ಚಾಚಿದರೆ ಅದು ಲಂಚದ ಮೊಕದ್ದಮೆ. ಐದು ವರ್ಷದವರೆಗೆ ಜೈಲು ಇದೆ. ಫಿನ್‌ಲೆಂಡಿನಲ್ಲಂತೂ ದಂಡ ಆದಾಯದ ಮೇಲೆ ಏರುತ್ತದೆ. 2023ರ ಜೂನ್ ತಿಂಗಳಲ್ಲಿ ಅಲ್ಲಿಯ ಒಬ್ಬ ಶ್ರೀಮಂತ ಉದ್ಯಮಿ 50 ಕಿಲೋಮೀಟರ್ ಮಿತಿಯ ಕಡೆ 82ರಲ್ಲಿ ಹೋಗಿದ್ದಕ್ಕೆ 1 ಲಕ್ಷ 21 ಸಾವಿರ ಯೂರೋ ಕಟ್ಟಬೇಕಾಯಿತು. ಅಲ್ಲಿ ದೊಡ್ಡವರಿಗೆ ದೊಡ್ಡ ದಂಡ. ಇಲ್ಲಿ ದೊಡ್ಡವರ ಗಾಡಿ ಕಂಡರೆ ಸೀಟಿ ಬಾಯಿಂದ ಕೆಳಗಿಳಿಯುತ್ತದೆ ಎಂದು ಜನ ಆಡಿಕೊಳ್ಳುವುದುಂಟು.

ಪರದೇಶಿಯ ಪಾಡು

ದಂಡ ಆ ದೇಶದವರಿಗೂ ಉಂಟು. ಆದರೆ ಪರದೇಶದಿಂದ ಹೋದವನಿಗೆ ಅದು ಎರಡು ಪಟ್ಟು ಭಾರ. ಕಾರಣ ನಾಲ್ಕು.

ಮೊದಲನೆಯದು, ರಸ್ತೆಯೇ ಬೇರೆ. ಇಲ್ಲಿ ಎಡಗಡೆ ಹೋಗಿ ರೂಢಿಯಾದವನು ಕೊಲ್ಲಿ ದೇಶದಲ್ಲಿ ಬಲಗಡೆ ಹೋಗಬೇಕು. ಬಿ.ಎಚ್. ರಸ್ತೆಯಲ್ಲಿ ಹಾರನ್ ಹೊಡೆದು ಜಾಗ ಮಾಡಿಕೊಂಡವನಿಗೆ ಅಲ್ಲಿ ಲೇನು ಬಿಟ್ಟು ಸರಿದರೂ ತಪ್ಪು.

ಎರಡನೆಯದು, ಕಾಗದ. ಊರಿನ ಲೈಸೆನ್ಸ್ ತೋರಿಸಿ ಅಲ್ಲಿ ಕೆಲಸಕ್ಕೆ ಗಾಡಿ ಓಡಿಸಬಹುದು ಅಂದುಕೊಂಡವರು ಬಹಳ. ಆರ್‌ಟಿಓ ಕಚೇರಿಯಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷದ್ದು. ಅದು ಪ್ರವಾಸಕ್ಕೆ, ಭೇಟಿಗೆ ಹೋದವರ ಅನುಕೂಲಕ್ಕೆ. ಯುಎಇಯಂಥ ಕಡೆ ವಾಸದ ವೀಸಾ ಕೈಗೆ ಬಂದ ಮೇಲೆ ಅಲ್ಲಿಯದೇ ಲೈಸೆನ್ಸ್ ಬೇಕು. ಅದಕ್ಕೆ ಅಲ್ಲಿಯ ಶಾಲೆಯಲ್ಲಿ ಕಲಿತು, ಅಲ್ಲಿಯ ಪರೀಕ್ಷೆಯಲ್ಲಿ ಪಾಸಾಗಬೇಕು. ಹಾಗೆ ಮಾಡದೆ ಸ್ಟಿಯರಿಂಗ್ ಹಿಡಿದರೆ ಅದು ದಂಡಕ್ಕಿಂತ ದೊಡ್ಡ ಅಪರಾಧ.

ಮೂರನೆಯದು, ಭಾಷೆ. ಅಡ್ಡ ನಿಲ್ಲಿಸಿ ಚೀಟಿ ಹರಿಯುವ ಪೊಲೀಸಪ್ಪ ಅಲ್ಲಿ ಕಡಿಮೆ. ಕ್ಯಾಮೆರಾ ಹೊಡೆಯುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಅದು ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಲು ಬಾರದವನು ಅದನ್ನು ಯಾವುದೋ ಜಾಹೀರಾತು ಅಂತ ಅಳಿಸಿ ಹಾಕುತ್ತಾನೆ. ದಂಡ ಅಳಿಯುವುದಿಲ್ಲ. ಗುರುತಿನ ನಂಬರಿಗೆ ಅಂಟಿಕೊಂಡು ಕೂರುತ್ತದೆ.

ನಾಲ್ಕನೆಯದು, ಮಾಲೀಕ. ಗಾಡಿ ಕಂಪನಿಯದಾದರೆ ದಂಡ ಮೊದಲು ಕಂಪನಿಗೆ ಹೋಗುತ್ತದೆ. ಆಮೇಲೆ ಸಂಬಳದಲ್ಲಿ ಮುರಿಯುವುದೇ ಹೆಚ್ಚು. ಬೆಳಿಗ್ಗೆ ಒಬ್ಬ, ರಾತ್ರಿ ಇನ್ನೊಬ್ಬ ಓಡಿಸುವ ಗಾಡಿಯಲ್ಲಿ ಯಾರ ಪಾಳಿಯಲ್ಲಿ ಕ್ಯಾಮೆರಾ ಹೊಡೆಯಿತು ಅಂತ ಬರೆದಿಡದಿದ್ದರೆ, ಬಾಯಿಲ್ಲದವನ ತಲೆಗೆ ಬೀಳುತ್ತದೆ. ಹೊಸದಾಗಿ ಹೋದವನಿಗೇ ಅಲ್ಲವೆ ಬಾಯಿ ಇಲ್ಲದಿರುವುದು?

ಇಲ್ಲಿಂದ ಹೊತ್ತೊಯ್ದ ಗಂಟು

ಇಷ್ಟು ಕೇಳಿ “ಅವರ ಕಾನೂನು ಬಲು ಕ್ರೂರ” ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಹುಡುಗ ಕುವೈತಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ಮಾತ್ರ ಒಯ್ಯಲಿಲ್ಲ. ಒಂದು ಅಭ್ಯಾಸವನ್ನೂ ಕಟ್ಟಿಕೊಂಡು ಹೋದ. ಅದು ಈ ಊರು ಕೊಟ್ಟ ಅಭ್ಯಾಸ.

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯಲ್ಲಿ ಯಾವ ದಿನ ಬೇಕಾದರೂ ನಿಂತು ನೋಡಬಹುದು. ಒಂದು ಬೈಕಿನಲ್ಲಿ ಮೂರು ಜನ. ಹೆಲ್ಮೆಟ್ ಕನ್ನಡಿಗೆ ನೇತುಹಾಕಿದೆ, ತಲೆ ಬಯಲಿಗಿದೆ. ಹೆಗಲಿಗೂ ಕಿವಿಗೂ ನಡುವೆ ಮೊಬೈಲು. ಎದುರಿಗೆ ಪೊಲೀಸರು ಕಂಡರೆ ಹೆಲ್ಮೆಟ್ ತಲೆಗೇರುತ್ತದೆ, ಅವರು ಹಿಂದಾದರೆ ಮತ್ತೆ ಕನ್ನಡಿಗೆ. ಹಿಡಿದರೋ, “ಬಿಡಿ ಸಾರ್, ಇಲ್ಲೇ ಹತ್ರ ಹೋಗ್ತಿದ್ದೆ” ಎಂಬ ಮಾತು. ಅದಕ್ಕೂ ಬಿಡದಿದ್ದರೆ ಮೆಂಬರಿಗೆ ಫೋನು. ಆ ಫೋನಿಗೆ ಬೆಲೆ ಇದೆ ಅಂತ ಹುಡುಗ ಹದಿನೆಂಟು ತುಂಬುವ ಮೊದಲೇ ಕಲಿತಿರುತ್ತಾನೆ. ಕುವೈತಿನ ಕ್ಯಾಮೆರಾಗೆ ಯಾವ ಮೆಂಬರಿನ ನಂಬರೂ ಗೊತ್ತಿಲ್ಲ.

ಅಜ್ಜಂಪುರ ಅಮೃತಮಹಲ್ ರಾಸುಗಳ ಊರು. ಹೈದರಾಲಿಯ ಸೈನ್ಯದ ಸಾಮಾನು ಹೊತ್ತು ಓಡಿದ ತಳಿ ಅದು, ವೇಗಕ್ಕೆ ಹೆಸರುವಾಸಿ. ಅಂಥ ಎತ್ತನ್ನೂ ಪಳಗಿಸದೆ, ಮೂಗುದಾರ ಹಾಕದೆ ಯಾವ ರೈತನೂ ಗಾಡಿಗೆ ಕಟ್ಟಲಿಲ್ಲ. ಅದೇ ರೈತನ ಮೊಮ್ಮಗ ಹದಿನೈದಕ್ಕೆ ಬೈಕು ಕೇಳಿದರೆ “ಹೋಗ್ಲಿ ಬಿಡು, ಹುಡುಗ ಬುದ್ಧಿವಂತ” ಎಂದು ಕೀಲಿ ಕೈಗೆ ಕೊಡುತ್ತಾರೆ. 2019ರ ತಿದ್ದುಪಡಿ ಕಾನೂನಿನ ಪ್ರಕಾರ ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಮನೆಯ ಹಿರಿಯರಿಗೆ ಅಥವಾ ಗಾಡಿ ಮಾಲೀಕನಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದು ಎಷ್ಟು ಮನೆಯಲ್ಲಿ ಗೊತ್ತು?

ಕಾನೂನು ಮಾಡಿದವರದೂ ತಪ್ಪಿಲ್ಲವೆಂದಲ್ಲ. ಬಹಳ ವರ್ಷ ಹೆಲ್ಮೆಟ್ ಇಲ್ಲದಿದ್ದರೆ 100 ರೂಪಾಯಿ ದಂಡ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅದು ಒಮ್ಮೆಗೇ 1000 ಆಯಿತು. ಜನ ಗಲಾಟೆ ಮಾಡಿದರು. ಅದೇ ತಿಂಗಳು ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಆಮೇಲೆ ಬಾಕಿ ಬೆಟ್ಟದಷ್ಟು ಬೆಳೆಯಿತು. 2023ರ ಫೆಬ್ರವರಿಯಲ್ಲಿ ಅರ್ಧ ಕಟ್ಟಿದರೆ ಸಾಕು ಎಂದು ರಿಯಾಯಿತಿ ಕೊಟ್ಟರು. ಬೆಂಗಳೂರಿನಲ್ಲೇ 120 ಕೋಟಿ ರೂಪಾಯಿಗೂ ಮಿಕ್ಕು ಹಣ ಬಂತು. ದುಡ್ಡು ಬಂತು ಅಂತ ಸರ್ಕಾರಕ್ಕೆ ಖುಷಿ, ಅರ್ಧ ಉಳಿಯಿತು ಅಂತ ಜನಕ್ಕೆ ಖುಷಿ. ಗಡುವು ಮುಗಿದ ಮೇಲೆ ಮತ್ತೆ ಅವಕಾಶ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ ಅರ್ಧ.

ಹೀಗೆ ಮಾಡಿದರೆ ವ್ಯಾಪಾರಸ್ಥನಿಗೆ ಗೊತ್ತಿರುವ ಒಂದು ಸತ್ಯ ನಡೆಯುತ್ತದೆ. ವರ್ಷಕ್ಕೊಮ್ಮೆ ಅರ್ಧ ಬೆಲೆಗೆ ಸೀರೆ ಮಾರುವ ಅಂಗಡಿಯಲ್ಲಿ ಉಳಿದ ದಿನ ಯಾರೂ ಪೂರಾ ಬೆಲೆ ಕೊಡುವುದಿಲ್ಲ, ಕಾಯುತ್ತಾರೆ. ಹೊತ್ತಿಗೆ ಸರಿಯಾಗಿ ದಂಡ ಕಟ್ಟಿದ ಪ್ರಾಮಾಣಿಕ ಪೆದ್ದನಾದ, ಕಟ್ಟದೆ ಕೂತವನು ಜಾಣನಾದ. ಕೊಲ್ಲಿ ದೇಶಗಳೂ ರಿಯಾಯಿತಿ ಕೊಡುತ್ತವೆ. ಸೌದಿ ಅರೇಬಿಯಾ 2024ರ ಏಪ್ರಿಲ್ 18ಕ್ಕಿಂತ ಹಿಂದಿನ ದಂಡಕ್ಕೆ ಅರ್ಧ ಬಿಟ್ಟಿತು. ಅಬುಧಾಬಿಯಲ್ಲಿ 60 ದಿನದೊಳಗೆ ಕಟ್ಟಿದವನಿಗೆ ನೂರಕ್ಕೆ 35 ಕಡಿತ ಉಂಟು. ವ್ಯತ್ಯಾಸ ಒಂದೇ. ಅಬುಧಾಬಿಯಲ್ಲಿ ಬೇಗ ಕಟ್ಟಿದವನಿಗೆ ಲಾಭ, ಇಲ್ಲಿ ತಡ ಮಾಡಿದವನಿಗೆ ಲಾಭ. ಇಲ್ಲಿ ತಡ ಮಾಡಿ ಗೆದ್ದ ಹುಡುಗ ಅಲ್ಲೂ ತಡ ಮಾಡುತ್ತಾನೆ. ವಿಮಾನ ನಿಲ್ದಾಣದಲ್ಲಿ ಸೋಲುತ್ತಾನೆ.

ಊರಲ್ಲಿ ಬಿಟ್ಟ ಬೈಕು

ಇನ್ನೊಂದು ಮಗ್ಗುಲು ಇದೆ. ಹುಡುಗ ಹೋದ, ಅವನ ಬೈಕು ಊರಲ್ಲೇ ಉಳಿಯಿತು. ತಮ್ಮ ಓಡಿಸುತ್ತಾನೆ, ತಮ್ಮನ ಸ್ನೇಹಿತ ಬೆಂಗಳೂರಿಗೆ ಒಯ್ಯುತ್ತಾನೆ. ಅಲ್ಲಿಯ ಕ್ಯಾಮೆರಾ ತರೀಕೆರೆ ಆರ್‌ಟಿಓದ ಕೆಎ-66 ನಂಬರನ್ನು ಹಿಡಿಯುತ್ತದೆ. ನೋಟೀಸು ಯಾರ ಹೆಸರಿಗೆ? ಆರ್.ಸಿ. ಪುಸ್ತಕದಲ್ಲಿರುವವನ ಹೆಸರಿಗೆ. ಯಾವ ನಂಬರಿಗೆ ಸಂದೇಶ? ಅವನು ವಿದೇಶಕ್ಕೆ ಹೋಗುವಾಗ ರೀಚಾರ್ಜ್ ಮಾಡದೆ ಬಿಟ್ಟ ಹಳೇ ನಂಬರಿಗೆ. ಆ ನಂಬರು ಈಗ ಯಾರ ಕೈಯಲ್ಲಿದೆಯೋ!

ಇನ್ನು ಕೆಲವರು ಹೊರಡುವ ಗಡಿಬಿಡಿಯಲ್ಲಿ ಬೈಕನ್ನು ಪರಿಚಯದವರಿಗೆ ಮಾರಿ, ದುಡ್ಡು ಎಣಿಸಿಕೊಂಡು, ಖಾಲಿ ಫಾರಂಗೆ ಸಹಿ ಹಾಕಿ ಹೋಗುತ್ತಾರೆ. ಹೆಸರು ಬದಲಾವಣೆ “ನಾಳೆ ಮಾಡಿಸ್ಕೊಳ್ತೀನಿ ಬಿಡಣ್ಣ” ಎಂಬ ಮಾತಿನಲ್ಲೇ ನಿಲ್ಲುತ್ತದೆ. ರಾಜ್ಯದೊಳಗೆ ಗಾಡಿ ಮಾರಿದವನು 14 ದಿನದೊಳಗೆ ಅದನ್ನು ನೋಂದಣಿ ಕಚೇರಿಗೆ ತಿಳಿಸಬೇಕೆಂಬುದು ಮೋಟಾರು ವಾಹನ ಕಾಯಿದೆಯ 50ನೇ ಕಲಮು. ತಿಳಿಸದಿದ್ದರೆ ಏನಾಗುತ್ತದೆ? ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿದೆ: ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರಕ್ಕೂ ಅವನೇ ಹೊಣೆ. ಅಂದರೆ ಕೊಂಡವನು ವಿಮೆ ಇಲ್ಲದೆ ಯಾರಿಗಾದರೂ ಗುದ್ದಿದರೆ, ಮಾರಿಬಿಟ್ಟೆ ಎಂದುಕೊಂಡು ದುಬೈನಲ್ಲಿ ನಿದ್ದೆ ಮಾಡುತ್ತಿರುವವನ ಅಪ್ಪನ ಮನೆ ಬಾಗಿಲಿಗೆ ಕೋರ್ಟಿನ ಕಾಗದ ಬರುತ್ತದೆ. 500 ರೂಪಾಯಿ ದಂಡ ಇದರ ಮುಂದೆ ಕಡಲೆಕಾಯಿ ಸಿಪ್ಪೆ.

ಬಾಕಿ ಇದೆ ಎಂದು ಹೆದರಿಸಿ ದೋಚುವವರೂ ಹುಟ್ಟಿಕೊಂಡಿದ್ದಾರೆ. ‘ನಿಮ್ಮ ಗಾಡಿಗೆ ಚಲನ್ ಬಿದ್ದಿದೆ, ಈ ಫೈಲು ತೆರೆಯಿರಿ’ ಅಂತ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು ಒತ್ತಿದರೆ ಬ್ಯಾಂಕಿನ ಹಣವೇ ಖಾಲಿಯಾಗಬಹುದು. ‘ಅರ್ಧ ದುಡ್ಡು ಕೊಡಿ, ದಂಡ ಪೂರ್ತಿ ತೆಗೆಸಿಕೊಡ್ತೀವಿ’ ಎನ್ನುವ ಮೋಸಗಾರರ ಬಗ್ಗೆ ದುಬೈ ಪೊಲೀಸರೂ ಎಚ್ಚರಿಕೆ ಕೊಟ್ಟಿದ್ದಾರೆ. ಚಲನ್ ನಿಜವೋ ಸುಳ್ಳೋ ಅಂತ ನೋಡಬೇಕಾದರೆ ಪರಿವಾಹನದ ಸರ್ಕಾರಿ ತಾಣ ಇದೆ, ಇಲ್ಲವೆ ಠಾಣೆ ಇದೆ. ವಾಟ್ಸಾಪಿನಲ್ಲಿ ಬಂದ ಫೈಲು ಠಾಣೆಯಲ್ಲ.

ಮಾಡಬೇಕಾದ್ದು ಏನು?

ಹೊರಡುವವನು ಊರು ಬಿಡುವ ಮುಂಚೆ ಮಾಡಿ ಮುಗಿಸಬೇಕಾದ ಕೆಲಸ ಹೆಚ್ಚಿಲ್ಲ. ಬೈಕು ಮಾರಿದ್ದರೆ ಹೆಸರು ಬದಲಾದ ಪುಸ್ತಕ ಕಣ್ಣಾರೆ ಕಾಣಬೇಕು. ಮಾರದಿದ್ದರೆ ಆರ್‌ಟಿಓ ದಾಖಲೆಯಲ್ಲಿ ಮನೆಯವರ ಮೊಬೈಲ್ ನಂಬರು ಹಾಕಿಸಬೇಕು, ವಿಮೆ ತಪ್ಪದಂತೆ ನೋಡಿಕೊಳ್ಳಲು ಒಬ್ಬರಿಗೆ ಒಪ್ಪಿಸಬೇಕು. ಹಳೇ ಚಲನ್ ಇದ್ದರೆ ಕಟ್ಟಬೇಕು, ಅಥವಾ ಲೋಕ ಅದಾಲತ್ತಿನಲ್ಲಿ ತೀರಿಸಿಕೊಳ್ಳಬೇಕು. ಕೆಲಸ ಕೊಡಿಸುವ ಏಜೆಂಟನಿಗೆ ಕೇಂದ್ರ ಸರ್ಕಾರದ ನೋಂದಣಿ ಇದೆಯೇ ಅಂತ ನೋಡಬೇಕು. ನೋಂದಣಿ ಇದ್ದವನು ಸೇವಾ ಶುಲ್ಕವೆಂದು 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ಕರಾರು ಪತ್ರದಲ್ಲಿ ಕೆಲಸ ಯಾವುದು ಎಂದಿದೆ, ದಂಡ ಬಿದ್ದರೆ ಯಾರು ಕಟ್ಟಬೇಕು ಎಂದಿದೆ, ಇವೆರಡನ್ನು ಓದಿಸಿ ಕೇಳಿದ ಮೇಲೆ ಸಹಿ.

ಅಲ್ಲಿಗೆ ಹೋದ ಮೇಲೆ, ತಿಂಗಳಿಗೊಮ್ಮೆ ಸಂಬಳದ ದಿನ ಆ ಸರ್ಕಾರದ್ದೇ ಆ್ಯಪಿನಲ್ಲಿ ತನ್ನ ಹೆಸರಿಗೆ ದಂಡ ಇದೆಯೇ ಅಂತ ನೋಡುವುದು ರೂಢಿಯಾಗಬೇಕು. ಸೌದಿಯಲ್ಲಿ ಅದಕ್ಕೆ ಅಬ್ಶರ್ ಇದೆ. ಊರಿಗೆ ದುಡ್ಡು ಕಳಿಸುವ ದಿನವೇ ಇದನ್ನೂ ನೋಡಿದರೆ ಮರೆಯುವುದಿಲ್ಲ. ಯಾವ ಗಾಡಿ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡವನಿಗೆ ಇನ್ನೊಬ್ಬನ ದಂಡ ತಲೆಗೆ ಬರುವುದು ಕಷ್ಟ. ಅಂಗಡಿಯವನಿಗೆ ದಿನಚರಿ ಪುಸ್ತಕ ಹೇಗೋ ಡ್ರೈವರಿಗೆ ಅದು ಹಾಗೆ. ತಪ್ಪು ದಂಡ ಬಿದ್ದರೆ ಸುಮ್ಮನೆ ಕೂರಬಾರದು, ಗಡುವಿನೊಳಗೆ ಆಕ್ಷೇಪಣೆ ಹಾಕಬೇಕು. ಅರಬ್ಬಿ ಕಾಗದಕ್ಕೆ ಅರ್ಥ ತಿಳಿಯದೆ ಹೆಬ್ಬೆಟ್ಟು ಒತ್ತಬಾರದು. ಟಿಕೆಟ್ ತೆಗೆಯುವ ಮೊದಲು ದಂಡದ ಲೆಕ್ಕ ನೋಡಬೇಕು, ಟಿಕೆಟ್ ಆದ ಮೇಲಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಸಿಕ್ಕಿಬಿದ್ದವನು ಅನಾಥ ಎಂದೇನೂ ಇಲ್ಲ. ಭಾರತದ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದಿದೆ. ಕಷ್ಟದಲ್ಲಿ ಸಿಕ್ಕಿ ಬಂಧನದಲ್ಲಿರುವವರ ಸಣ್ಣ ದಂಡ ಕಟ್ಟುವುದಕ್ಕೂ ವಕೀಲರ ನೆರವಿಗೂ ಅದರಲ್ಲಿ ದಾರಿ ಇದೆ. 2015ರಿಂದ ‘ಮದದ್’ ಎಂಬ ತಾಣವಿದೆ. ಊರಲ್ಲಿರುವ ಅಪ್ಪ ಅಮ್ಮ ಕೂಡ ಅದರಲ್ಲಿ ದೂರು ಹಾಕಬಹುದು. ಆದರೆ ಆ ನಿಧಿ ಇರುವುದು ನಿಜಕ್ಕೂ ಗತಿ ಇಲ್ಲದವರಿಗೆ. ಸಂಬಳವನ್ನೆಲ್ಲ ಹೊಸ ಮೊಬೈಲಿಗೆ ಹಾಕಿ, ದಂಡಕ್ಕೆ ಸರ್ಕಾರ ಬರಲಿ ಎನ್ನುವವರಿಗಲ್ಲ.

ಅಧಿಕಾರಿಗಳಿಗೂ ಒಂದು ಪಾಲು

ಜನರಿಗೆ ಬುದ್ಧಿ ಹೇಳಿದ ಮೇಲೆ ಅಧಿಕಾರಿಗಳಿಗೂ ಹೇಳಬೇಕಾದ್ದು ಉಳಿಯುತ್ತದೆ. ಅಜ್ಜಂಪುರ ಈಗ ಹೋಬಳಿಯಲ್ಲ, ತಾಲ್ಲೂಕು. ತಾಲ್ಲೂಕು ಎಂದು ಬೋರ್ಡು ಬರೆಸಿದರೆ ಸಾಲದು. ತಾಲ್ಲೂಕು ಕಚೇರಿಯಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ವಿದೇಶಕ್ಕೆ ಹೋಗುವವರಿಗೆ ಮತ್ತು ಹೋದವರ ಮನೆಯವರಿಗೆ ಒಬ್ಬ ಗುಮಾಸ್ತ ಕೂತು ಕನ್ನಡದಲ್ಲಿ ಮಾಹಿತಿ ಕೊಟ್ಟರೆ ಸರ್ಕಾರಕ್ಕೆ ಆಗುವ ಖರ್ಚು ಒಂದು ಕುರ್ಚಿ, ಒಂದು ಮೇಜು. ಆರ್‌ಟಿಓದವರು ಇಲ್ಲಿಗೆ ಬಂದು ಹೆಸರು ಬದಲಾವಣೆಯ ಅರ್ಜಿ, ಹಳೇ ಚಲನ್ ಎರಡನ್ನೂ ಒಂದೇ ಕಡೆ ನೋಡುವ ಶಿಬಿರ ಆಗಾಗ ನಡೆಸಿದರೆ, ಒಂದು ಸಹಿಗಾಗಿ ಬಸ್ ಚಾರ್ಜು, ದಿನದ ಕೂಲಿ ಎರಡನ್ನೂ ಕಳೆದುಕೊಳ್ಳುವುದು ತಪ್ಪುತ್ತದೆ.

ಲೈಸೆನ್ಸ್ ಪರೀಕ್ಷೆ ಪರೀಕ್ಷೆಯಾಗಿಯೇ ನಡೆಯಲಿ. ಎಂಟು ಬರೆದ ಹಾಗೆ ಸುತ್ತು ಹೊಡೆಸಿ, ಉಳಿದಿದ್ದನ್ನು ಯಾರೋ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಹೋಗಲಿ. ಇಲ್ಲಿ ಸುಲಭವಾಗಿ ಪಾಸಾದವನು ಅಲ್ಲಿಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಪ್ರತಿ ಸಲವೂ ಶುಲ್ಕ ಸುರಿಯಬೇಕಾಗುತ್ತದೆ. ಅದು ಅವನ ಅಪ್ಪನ ಸಾಲಕ್ಕೆ ಬಡ್ಡಿಯಾಗಿ ಸೇರುತ್ತದೆ.

ಪೊಲೀಸರಿಗೆ ಎರಡೇ ಮಾತು. ರಸೀದಿ ಇಲ್ಲದೆ ಒಂದು ರೂಪಾಯಿ ದಂಡವನ್ನೂ ಯಾರಿಂದಲೂ ತೆಗೆದುಕೊಳ್ಳುವುದು ಬೇಡ. ಯಾರ ಫೋನು ಬಂದರೂ ರಸೀದಿ ಹರಿಯುವ ಕೈ ನಿಲ್ಲುವುದು ಬೇಡ. ಇವೆರಡರಲ್ಲಿ ಒಂದು ತಪ್ಪಿದರೂ ದಂಡ ದಂಡವಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ. ಕ್ಯಾಮೆರಾ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟೀಸು ಕಳಿಸಬೇಕೆಂದು 2021ರಲ್ಲೇ ಕೇಂದ್ರದ ನಿಯಮ ಬಂದಿದೆ. ಹೊತ್ತಿಗೆ ಸರಿಯಾಗಿ ನೋಟೀಸು ತಲುಪಿದರೆ ತಪ್ಪು ನೆನಪಿರುತ್ತದೆ, ದಂಡ ಕಟ್ಟುವ ಮನಸ್ಸೂ ಬರುತ್ತದೆ. ಎರಡು ವರ್ಷ ಕಳೆದ ಮೇಲೆ ಒಟ್ಟಿಗೆ ಹೇಳಿದರೆ ಯಾರಿಗೆ ಯಾವ ತಪ್ಪು ನೆನಪಿರುತ್ತದೆ? ಹಾಗೆಯೇ ಬಣ್ಣ ಅಳಿಸಿಹೋದ ಹಂಪಿಗೆ ಬಣ್ಣ, ಬೋರ್ಡೇ ಇಲ್ಲದ ತಿರುವಿಗೆ ಬೋರ್ಡು, ಇವನ್ನು ಹಾಕಿದ ಮೇಲೆ ದಂಡ ಕೇಳಿದರೆ ನ್ಯಾಯ ಇನ್ನಷ್ಟು ಗಟ್ಟಿ.

ಕೊನೆಗೊಂದು ಲೆಕ್ಕ. ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಲ್ಮೆಟ್ ಹಾಕದೆ ಸತ್ತವರೇ 50,029. ಕರ್ನಾಟಕ ಒಂದರಲ್ಲೇ ರಸ್ತೆಯಲ್ಲಿ ಸತ್ತವರು 11,702. ಕುವೈತಿನ ಕಿಟಕಿಯಲ್ಲಿ ತಡೆದವನು ದುಡ್ಡು ಕಟ್ಟಿ ಮುಂದಿನ ವಿಮಾನಕ್ಕಾದರೂ ಬಂದಾನು. ತಂಗಿಯ ಧಾರೆಗೆ ಇಲ್ಲದಿದ್ದರೂ ಬೀಗರ ಔತಣಕ್ಕಾದರೂ ಕೂತಾನು. ತರೀಕೆರೆ ರಸ್ತೆಯಲ್ಲಿ ಬಿದ್ದವನಿಗೆ ಮುಂದಿನ ವಿಮಾನ ಇಲ್ಲ.

ಆದ್ದರಿಂದ ವಿದೇಶದ ದಂಡದ ಪಾಠ ವಿದೇಶದಲ್ಲಿ ಶುರುವಾಗುವುದಲ್ಲ. ಅದು ಶುರುವಾಗಬೇಕಾದ್ದು ಅಜ್ಜಂಪುರದ ಮನೆ ಅಂಗಳದಲ್ಲಿ, ಅಪ್ಪ ಬೈಕಿನ ಕೀಲಿ ಕೊಡುವ ಹೊತ್ತಿನಲ್ಲಿ. ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟನ್ನು ತಲೆಗೆ ಹಾಕದೆ ಕೀಲಿ ಸಿಗುವುದಿಲ್ಲ ಎಂದು ಅಪ್ಪ ಒಂದು ಸಲ ಹೇಳಿ ನೋಡಲಿ. ಅದಕ್ಕೆ ಸರ್ಕಾರದ ಅಪ್ಪಣೆಯೂ ಬೇಡ, ಮೆಂಬರಿನ ಫೋನೂ ಬೇಡ. ಉಳಿದ ಕೆಲಸ ತಾಲ್ಲೂಕು ಕಚೇರಿಯವರದು, ಆರ್‌ಟಿಓದವರದು, ಠಾಣೆಯವರದು. ಸಂಬಂಧಪಟ್ಟವರು ಈ ಕಡೆ ಕಣ್ಣು ಹಾಯಿಸುವರೇ?